ಊರು ಇಲ್ಲೇ

ಒಂಬತ್ತು ದಿನಗಳಿಂದ ದುಗ್ಗಪ್ಪ ಬೆಳಗಿನ ಚಾವನ್ನು ಅರ್ಧಕ್ಕೆ ಬಿಡುತ್ತಿದ್ದ. ಮೊದಲ ಮೂರು ನಾಲ್ಕು ಗುಟುಕು ಎಂದಿನಂತೆ ಇಳಿಯುತ್ತಿತ್ತು. ಆಮೇಲೆ ಇಂಥದೆಂದು ಹೇಳಲಾಗದ ಒಂದು ಅಸಹನೆ ನಾಲಿಗೆಯ ಬುಡದಲ್ಲಿ ಹುಟ್ಟಿ, ಅವನು ಲೋಟವನ್ನು ಜಗಲಿಯ ಕಟ್ಟೆಯ ಮೇಲಿಟ್ಟು, ಆಗಲೇ ಓದಿ ಮುಗಿಸಿದ್ದ ಪೇಪರನ್ನು ಮತ್ತೆ ಬಿಡಿಸುತ್ತಿದ್ದ. ಹೆಂಡತಿ ತಿಮ್ಮಕ್ಕ ಎರಡು ದಿನ ಸಕ್ಕರೆ ಕಡಿಮೆ ಮಾಡಿ ನೋಡಿದಳು, ಒಂದು ದಿನ ಶುಂಠಿ ಹಾಕಿದಳು, ಇನ್ನೊಂದು ದಿನ ಡೈರಿ ಹಾಲಿನ ಮೇಲೆ ಸಂಶಯಪಟ್ಟಳು. ಇವತ್ತು ಅಂಥದೇನನ್ನೂ ಮಾಡದೆ ಉಳಿದ ಚಾವನ್ನು ತೆಂಗಿನ ಬುಡಕ್ಕೆ ಚೆಲ್ಲಿ, "ನನ್ನತ್ರ ಹೇಳುದು ಬೇಡಾಂತಾದ್ರೆ ಬೇಡ. ಚಾದ ಮೇಲೆ ಎಂತ ಸಿಟ್ಟು ನಿಮ್ಗೆ?" ಎಂದು ಒಳಗೆ ಹೋದಳು. ಉತ್ತರ ಕೊಡಬೇಕೆಂದು ಬಾಯಿ ತೆರೆದವನಿಗೆ ಅಷ್ಟರಲ್ಲಿ ಫೋನು ಬಂದದ್ದು ಒಳ್ಳೆಯದೇ ಆಯಿತು.

ಫೋನು ಮಾಡಿದವನು ಸಂಪ್ರೀತ್, ಪಕ್ಷದ ತಾಲೂಕು ಕಾರ್ಯದರ್ಶಿ. ನಿನ್ನೆ ಸಂಜೆಯೂ ಮಾಡಿದ್ದ, ಹೇಳಿದ್ದೂ ಇದನ್ನೇ. ಇವತ್ತು ಹನ್ನೊಂದು ಗಂಟೆಗೆ ನೀರಬೈಲು ರಬ್ಬರ್ ಎಸ್ಟೇಟಿನಲ್ಲಿ ಕಾರ್ಮಿಕ ಅಧಿಕಾರಿ ವಿಚಾರಣೆಗೆ ಬರುತ್ತಾರೆ. ಪಂಚಾಯತ್ ಅಧ್ಯಕ್ಷ ಎಂಬ ನೆಲೆಯಲ್ಲಿ ದುಗ್ಗಪ್ಪ ಅಲ್ಲಿರಬೇಕು. ಕೊನೆಗೆ ಎಲ್ಲರ ಸಹಿಯ ಕೆಳಗೆ ತನ್ನದೊಂದು ಸಹಿ ಹಾಕಿ ಮನೆಗೆ ಬರಬೇಕು. "ನೀವು ಕೂತ್ರೆ ಸಾಕು ದುಗ್ಗಪ್ಪಣ್ಣ," ಎಂದ ಸಂಪ್ರೀತ್. "ಮಾತಾಡ್ಲಿಕ್ಕೆ ಎಂತದೂ ಇಲ್ಲ ಅಲ್ಲಿ. ಮೇಲಿನವರೇ ಮಾತಾಡ್ಲಿಲ್ಲ, ನಾವು ಯಾಕೆ ಬಾಯಿ ಹಾಕುದು?" ಜಿಲ್ಲಾ ಪಂಚಾಯತ್ ಚುನಾವಣೆಗೆ ಕಳಿಸುವ ಹೆಸರುಗಳ ಪಟ್ಟಿ ಹೆಚ್ಚುಕಡಿಮೆ ಆಗಿದೆಯೆಂದೂ, ಅದರಲ್ಲಿ ಯಾರ ಹೆಸರು ಉಂಟೆಂದು ತಾನು ಬಾಯಿ ಬಿಟ್ಟು ಹೇಳಬಾರದೆಂದೂ ಹೇಳಿ ನಕ್ಕ. ದುಗ್ಗಪ್ಪನೂ ನಕ್ಕ. ನಕ್ಕ ಮೇಲೆ ತನ್ನ ನಗೆ ಆ ಹುಡುಗನ ನಗೆಗಿಂತ ಸ್ವಲ್ಪ ಉದ್ದವಾಯಿತು ಅನ್ನಿಸಿತು.

ವಿಚಾರಣೆ ತವಮಣಿಯದು. ನೀರಬೈಲಿನಲ್ಲಿ ಇಪ್ಪತ್ತಾರು ವರ್ಷಗಳಿಂದ ರಬ್ಬರ್ ಟ್ಯಾಪಿಂಗ್ ಮಾಡುವ ಹೆಂಗಸು, ಸಿಲೋನ್ ಕಾಲನಿಯವಳು. ಕಾಲನಿಗೆ ಇಟ್ಟ ಸರಕಾರಿ ಹೆಸರು ಬೇರೆಯೇ ಇದ್ದರೂ ಊರವರ ಬಾಯಲ್ಲಿ ಅದು ಸಿಲೋನ್ ಕಾಲನಿ. ಅಲ್ಲೇ ಹುಟ್ಟಿ, ಕಡಬದ ಕಾಲೇಜಿಗೆ ಹೋಗುವ ಮಕ್ಕಳೂ ಸಿಲೋನಿನವರು. ಒಂಬತ್ತು ದಿನದ ಹಿಂದೆ ಕೆಲಸ ಬಿಟ್ಟು ಹೊರಡುವಾಗ ಗೇಟಿನ ಕಾವಲಿನವನು ತಪಾಸಣೆ ಮಾಡಿ, ಅವಳ ಬಳಿ ಎಸ್ಟೇಟಿನ ರಬ್ಬರ್ ಸಿಕ್ಕಿತು ಎಂದಿದ್ದ. ಮರುದಿನ ಕಾಗದ ಬಂತು: ಕಳ್ಳತನಕ್ಕಾಗಿ ಕೆಲಸದಿಂದ ತೆಗೆದಿದೆ, ತಿಂಗಳ ಕೊನೆಗೆ ಕಾಲನಿಯಲ್ಲಿ ಎಸ್ಟೇಟು ಕೊಟ್ಟಿರುವ ಲೈನಿನ ಮನೆ ಖಾಲಿ ಮಾಡಬೇಕು. ಅವಳು ಕಾರ್ಮಿಕ ಇಲಾಖೆಗೆ ದೂರು ಬರೆದಳು: ಗಂಡಸೊಬ್ಬ ತನ್ನನ್ನು ಬಯಲಲ್ಲಿ ನಿಲ್ಲಿಸಿ ಸೀರೆ ಬಿಚ್ಚಿಸಿ ಹುಡುಕಿದ್ದಾನೆ. ಅಂಥ ತಪಾಸಣೆ ನಡೆದೇ ಇಲ್ಲ ಎಂದು ಎಸ್ಟೇಟು ಉತ್ತರ ಕೊಟ್ಟಿತು. ತಪಾಸಣೆಗೆ ಹೆಂಗಸನ್ನೇ ಇಟ್ಟಿದ್ದೇವೆ, ಬೇಕಾದರೆ ಸಾಕ್ಷಿ ತರಲಿ. ಅವಳ ಹಿಂದೆ ಸಾಲಿನಲ್ಲಿದ್ದ ಇಬ್ಬರು ಹೆಂಗಸರೂ ಅದೇ ಲೈನಿನ ಮನೆಗಳವರು. ನಾವು ಕಂಡಿಲ್ಲ ಎಂದುಬಿಟ್ಟರು. ಅದನ್ನು ಕೇಳಿದ ದಿನ ದುಗ್ಗಪ್ಪನಿಗೆ ಆ ಇಬ್ಬರ ಮೇಲೆ ಎಷ್ಟು ಸಿಟ್ಟು ಬಂದಿತ್ತೆಂದರೆ, ಎಂಥ ಜನ ಇವರು ಎಂದು ತಿಮ್ಮಕ್ಕನ ಎದುರು ಗಟ್ಟಿಯಾಗಿ ಹೇಳಿದ್ದ. ಹೊರಗಿನವರು ಒಬ್ಬರು, ಒಬ್ಬರೇ ಒಬ್ಬರು, ಕಂಡಿದ್ದೇನೆ ಎಂದು ಹೇಳಿದರೆ ಆ ಕಾಗದ ಬಿದ್ದುಹೋಗುತ್ತಿತ್ತು, ಮನೆ ಉಳಿಯುತ್ತಿತ್ತು. ಹೊರಗಿನವನು ಅಲ್ಲಿ ಒಬ್ಬನಿದ್ದ. ದುಗ್ಗಪ್ಪ ಇಲ್ಲಿಯ ತನಕ ಯೋಚಿಸಿ, ಪ್ರತಿ ಸಲವೂ ಎದ್ದು ಯಾವುದಾದರೂ ಕೆಲಸ ಹುಡುಕುತ್ತಿದ್ದ. ಈಗಲೂ ಎದ್ದು ಅಂಗಿಗೆ ಇಸ್ತ್ರಿ ಹಾಕಿದ.

ಬೊಲೆರೊ ಆಲಂಕಾರು ದಾಟಿದ ಮೇಲೆ ರಸ್ತೆಯ ಎರಡೂ ಕಡೆ ರಬ್ಬರು. ಜನವರಿಯಾದ್ದರಿಂದ ಮರಗಳು ಎಲೆ ಉದುರಿಸಿ ಬೋಳಾಗಿದ್ದವು, ಬಿಸಿಲು ನೆಲದವರೆಗೂ ಬೀಳುತ್ತಿತ್ತು. ಸಾಲು ಸಾಲು ಮರಗಳು ಗಾಡಿಯ ಜೊತೆ ತಿರುಗುವುದನ್ನು ನೋಡುತ್ತ ಅವನಿಗೆ ಇಪ್ಪತ್ತರ ವಯಸ್ಸಿನ ತನ್ನ ಕೈಬರಹ ನೆನಪಾಯಿತು. ಆಗ ಅವನು ಇದೇ ನೀರಬೈಲಿನಲ್ಲಿ ರೈಟರು. ಹಾಜರಿ ಹಿಡಿಯುವುದು, ರಬ್ಬರ್ ಹಾಲು ತೂಗಿ ಬರೆಯುವುದು. ಸಿಲೋನಿನ ಚಾ ತೋಟಗಳಲ್ಲಿ ನಾಲ್ಕು ತಲೆಮಾರು ದುಡಿದವರನ್ನು, ಎರಡು ದೇಶದ ದೊಡ್ಡವರು ಕೂತು ಮಾಡಿದ ಒಪ್ಪಂದದ ಪ್ರಕಾರ, ಹಡಗಿನಲ್ಲಿ ಕಳಿಸಿ, ರೈಲಿನಲ್ಲಿ ತಂದು, ಕೊನೆಗೆ ಲಾರಿಯಲ್ಲಿ ಇಳಿಸುತ್ತಿದ್ದ ಕಾಲ. ಈ ಕಥೆಯ ಒಂದು ತುಂಡನ್ನು ಅವನು ಎಷ್ಟು ವೇದಿಕೆಗಳಲ್ಲಿ ಹೇಳಿದ್ದಾನೋ ಲೆಕ್ಕವಿಲ್ಲ. ಲಾರಿಯಿಂದ ಇಳಿದ ಮುತ್ತಯ್ಯ ಎಂಬವನನ್ನು ಗುಮಾಸ್ತ ಕೇಳುತ್ತಾನೆ, ಹೆಸರು? ಮುತ್ತಯ್ಯ. ಊರು? ಮುತ್ತಯ್ಯ ಸ್ವಲ್ಪ ಹೊತ್ತು ಯೋಚಿಸಿ, "ಊರು ಇಲ್ಲೆ ಸಾಮಿ" ಅನ್ನುತ್ತಾನೆ. ತಮಿಳಿನಲ್ಲಿ ಇಲ್ಲೆ ಎಂದರೆ ಇಲ್ಲ. ಗುಮಾಸ್ತನಿಗೆ ಆಗ ತಮಿಳು ಬಾರದು. ಅವನು ಪುಸ್ತಕದಲ್ಲಿ ಬರೆಯುತ್ತಾನೆ, ಊರು: ಇಲ್ಲೇ. ಇಲ್ಲಿಗೆ ಬಂದಾಗ ಜನ ನಗುತ್ತಿದ್ದರು. ನಗೆ ಇಳಿಯುವುದಕ್ಕೆ ಸರಿಯಾಗಿ ಸಮಯ ಕೊಟ್ಟು ದುಗ್ಗಪ್ಪ, "ಹಾಗೆ ಇವರ ಊರು ಇಲ್ಲೇ ಆಯ್ತು, ಇವರು ನಮ್ಮವರೇ ಆದ್ರು" ಎನ್ನುತ್ತಿದ್ದ, ಚಪ್ಪಾಳೆ ಬೀಳುತ್ತಿತ್ತು. ಕಾಲನಿಯವರೂ ನಗುತ್ತಿದ್ದರು. ಒಮ್ಮೆ ಮಾತ್ರ ಮುದುಕ ಮುತ್ತಯ್ಯ ಎದುರಿನ ಸಾಲಿನಲ್ಲೇ ಕೂತಿದ್ದ, ನಗಲಿಲ್ಲ. ಮೈಕಿನ ವಯರು ಎಲ್ಲಿಗೆ ಹೋಗಿದೆ ಎಂದು ನೋಡುತ್ತಿದ್ದ. ಆ ಗುಮಾಸ್ತ ಯಾರೆಂದು ದುಗ್ಗಪ್ಪ ಯಾವ ಸಭೆಯಲ್ಲೂ ಹೇಳಿರಲಿಲ್ಲ. ಮುತ್ತಯ್ಯ ಸತ್ತು ಆರು ವರ್ಷವಾಯಿತು. ಆದರೆ ಆ ದಿನ ಅವನ ಪಂಚೆಯ ತುದಿ ಹಿಡಿದು ನಿಂತ ಎಂಟು ವರ್ಷದ ಹುಡುಗಿಯೊಬ್ಬಳಿದ್ದಳು. ಅವಳೇ ತವಮಣಿ, ಅವನ ಮಗಳು. ಕಾಲನಿಯವರೆಲ್ಲ ಅಧ್ಯಕ್ಷರೇ ಎಂದು ಕರೆಯಲು ಕಲಿತ ಮೇಲೂ ಅವಳು ಮಾತ್ರ ಅವನನ್ನು ರೈಟ್ರಣ್ಣ ಎಂದೇ ಕರೆಯುತ್ತಿದ್ದಳು.

ರೈಟ್ರಣ್ಣ ಎಂದು ತಪಾಸಣೆಯ ದಿನ ಅವಳು ಕರೆದಿದ್ದರೆ ಎದ್ದು ಬಿಡುತ್ತಿದ್ದೆನೋ ಏನೋ ಎಂದು ಅವನು ಯೋಚಿಸಿದ. ಕರೆಯಲಿಲ್ಲ. ಪಕ್ಷದ ನಾಯಕರ ಸನ್ಮಾನಕ್ಕೆ ಎಸ್ಟೇಟಿನ ಎರಡು ಪಿಕಪ್ ಕೇಳಲು ಅವನು ಹೋಗಿದ್ದ. ಮ್ಯಾನೇಜರು ಆಫೀಸಿನ ಜಗಲಿಯಲ್ಲಿ ಕೂರಿಸಿ ಚಾ ತರಿಸಿದ. ಗೇಟು ಅಲ್ಲಿಂದ ಮೂವತ್ತು ಹೆಜ್ಜೆ. ತಪಾಸಣೆಯ ಹೆಂಗಸು ರಜೆಯಲ್ಲಿದ್ದಳು. ಕಾವಲಿನವನು ತವಮಣಿಯ ಬುತ್ತಿಚೀಲ ನೋಡಿದ, ಅದನ್ನು ಕೊಡವಿದ, ಆಮೇಲೆ ಕೋಲಿನಿಂದ ಅವಳ ಸೆರಗು ತೋರಿಸಿದ. ಅವಳು ಏನೋ ಹೇಳಿದಳು. ಅವನು ಮತ್ತೆ ತೋರಿಸಿದ. ಅವಳು ಹೆಗಲ ಪಿನ್ನು ತೆಗೆದು, ಇಡಲು ಜಾಗವಿಲ್ಲದೆ, ಹಲ್ಲಿನ ನಡುವೆ ಕಚ್ಚಿಕೊಂಡಳು. ಸೆರಗು ಬಿಚ್ಚಿ ಎರಡೂ ಕೈಯಲ್ಲಿ ಹಿಡಿದು, ಆಮೇಲೆ ಸೊಂಟದ ಸುತ್ತು ಒಂದೊಂದಾಗಿ ಬಿಡಿಸುತ್ತ ನಿಂತಲ್ಲೇ ತಿರುಗಿದಳು. ಹಿಂದಿನ ಇಬ್ಬರು ನೆಲ ನೋಡಿದರು. ಮ್ಯಾನೇಜರು, ಈ ವರ್ಷ ಚಳಿ ಕಡಿಮೆ ಅಲ್ಲವಾ ಎಂದ. ದುಗ್ಗಪ್ಪ ಹೌದೆಂದ. ಹೌದೆಂದು ಹೇಳುವಾಗ ಬಾಯಲ್ಲಿ ಚಾ ಇತ್ತು. ನುಂಗಿ ಹೇಳಿದನೋ, ನುಂಗದೆ ಹೇಳಿದನೋ, ಒಂಬತ್ತು ದಿನದಲ್ಲಿ ಅದೊಂದು ಮಾತ್ರ ಅವನಿಗೆ ಸರಿಯಾಗಿ ನೆನಪಾಗಿರಲಿಲ್ಲ. ಸೀರೆಯಲ್ಲಿ ಏನೂ ಸಿಗಲಿಲ್ಲ. ಸಿಕ್ಕಿದ್ದು ತಲೆಯಲ್ಲಿ. ಮರದ ಗಾಯದ ಮೇಲೆ ಹಿಂದಿನ ದಿನದ ಹಾಲು ಒಣಗಿ ನೂಲಿನಂತೆ ಅಂಟಿರುತ್ತದೆ. ಅದನ್ನು ಎಳೆದು ತೆಗೆದ ಮೇಲೆಯೇ ಹೊಸದಾಗಿ ಕೆತ್ತುವುದು. ಅಂಥದೊಂದು ಎಳೆಯನ್ನು ಅವಳು ಜಡೆಯ ತುದಿಗೆ ಸುತ್ತಿದ್ದಳು. ಟ್ಯಾಪಿಂಗ್ ಮಾಡುವ ಹೆಂಗಸರೆಲ್ಲ ಸುತ್ತುತ್ತಾರೆ. ದುಗ್ಗಪ್ಪನ ಮನೆಯಲ್ಲೇ ಕರಿಬೇವಿನ ಕಟ್ಟಿನಿಂದ ಹಿಡಿದು ಪಂಚಾಯತಿನ ರಶೀದಿ ಪುಸ್ತಕದವರೆಗೆ ಎಲ್ಲದಕ್ಕೂ ಅದೇ ಸುತ್ತು. ಕಾವಲಿನವನು ಅದನ್ನು ಎಳೆದು ತೆಗೆದು ಎತ್ತಿ ತೋರಿಸಿದ, ಜಡೆ ಬಿಚ್ಚಿಕೊಂಡಿತು. ಅವಳು ಸೀರೆಯನ್ನು ಮತ್ತೆ ಸುತ್ತಿ, ನೆರಿಗೆ ಹಿಡಿದು, ಸೆರಗು ಹಾಕಿ, ಎಲ್ಲದರ ಕೊನೆಗೆ ಹಲ್ಲಿನ ಪಿನ್ನು ತೆಗೆದು ಹೆಗಲಿಗೆ ಚುಚ್ಚಿಕೊಂಡಳು. ಆಗ ಒಮ್ಮೆ ಜಗಲಿಯ ಕಡೆ ನೋಡಿದಳು. ಬೈಯುವ ನೋಟವಲ್ಲ. ಬಸ್ಸಿನಲ್ಲಿ ಗುರ್ತದವರು ಕೂತಿದ್ದಾರೆಯೇ ಎಂದು ನೋಡುತ್ತಾರಲ್ಲ, ಹಾಗೆ.

ಮೂರನೆಯ ದಿನ ಅವಳು ಪಂಚಾಯತ್ ಆಫೀಸಿಗೆ ಬಂದಳು. ಬಾಗಿಲಲ್ಲೇ ನಿಂತಳು, ಕೂರು ಎಂದರೂ ಕೂರಲಿಲ್ಲ. ಕಾಗದ ತೋರಿಸಿ, ನೀವು ನೋಡಿದ್ದು ಹೇಳಿದರೆ ಸಾಕು ರೈಟ್ರಣ್ಣ, ಹೆಚ್ಚು ಎಂತದೂ ಬೇಡ ಎಂದಳು. ದುಗ್ಗಪ್ಪ ಕಾಗದವನ್ನು ಎರಡು ಸಲ ಓದಿದ. ಗುಮಾಸ್ತೆ ಪೂಜಿತಾ ಕಂಪ್ಯೂಟರಿನಿಂದ ತಲೆ ಎತ್ತಿದವಳು ಮತ್ತೆ ಬಗ್ಗಿಸಿದಳು.

"ನೋಡುವ," ಎಂದ ದುಗ್ಗಪ್ಪ.

"ನೋಡಿದ್ದೀರಲ್ಲ," ಎಂದಳು ತವಮಣಿ. "ಇನ್ನೆಂತ ನೋಡುದು?"

ಅವಳು ಕಾಗದ ಮಡಚಿ ತೆಗೆದುಕೊಂಡು ಹೋದಳು. ದೂರಿನಲ್ಲಿ ಅವನ ಹೆಸರನ್ನು ಬರೆಯಲಿಲ್ಲವೆಂದು ಆಮೇಲೆ ತಿಳಿಯಿತು. ತಿಳಿದಾಗ ಮೊದಲು ಎದೆ ಹಗುರಾಯಿತು, ಎರಡು ತಾಸಿನ ನಂತರ ಅವಮಾನವಾಯಿತು. ಹೆಸರು ಬರೆದಿದ್ದರೆ ಸುಳ್ಳು ಎಂದಾದರೂ ಹೇಳಬಹುದಿತ್ತು. ಬರೆಯದೆ ಇದ್ದುದರಿಂದ ಅವಳು ತನ್ನನ್ನು ಲೆಕ್ಕಕ್ಕೇ ಹಿಡಿದಿಲ್ಲವೋ, ಅಥವಾ ಬಾಗಿಲು ತೆರೆದಿಟ್ಟು ಕಾಯುತ್ತಿದ್ದಾಳೋ ಎಂದು ತಿಳಿಯಲಿಲ್ಲ. ಪ್ರಯತ್ನ ಮಾಡಲೇ ಇಲ್ಲ ಎನ್ನುವ ಹಾಗಿರಲಿಲ್ಲ. ಮೊನ್ನೆ ಪುತ್ತೂರಿನ ಸಭೆಗೆ ಹೋದಾಗ, ಊಟದ ಸಾಲಿನಲ್ಲಿ, ತಟ್ಟೆ ಹಿಡಿದುಕೊಂಡೇ ನಾಯಕರ ಪಕ್ಕಕ್ಕೆ ಸರಿದು ವಿಷಯ ತೆಗೆದಿದ್ದ. ಸಿಲೋನ್ ಕಾಲನಿಯಲ್ಲಿ ಸ್ವಲ್ಪ ತೊಂದರೆ ಆಗಿದೆ ಎಂದಷ್ಟೇ ಹೇಳಿದ್ದ. ನಾಯಕರು ಪಲ್ಯದ ಸೌಟನ್ನು ಅವನ ಕೈಗೇ ಕೊಟ್ಟು, "ರಬ್ಬರಿಗೆ ಈಗ ಎಷ್ಟುಂಟು ದುಗ್ಗಪ್ಪ?" ಎಂದು ಕೇಳಿದರು. ಅವನು ದರ ಹೇಳಿದ. ಇನ್ನೂ ಏರಬೇಕು ಎಂದು ಅವರು ಮುಂದೆ ಹೋದರು. ಕಳೆದ ಬೇಸಿಗೆಯಲ್ಲಿ ಕಾಲನಿಯ ನೀರಿನ ಪೈಪನ್ನು ಯಾರೋ ಕಡಿದು ಹನ್ನೊಂದು ದಿನ ನೀರಿಲ್ಲದಿದ್ದಾಗಲೂ ಹೀಗೇ. ಸುಳ್ಯದ ಬಸ್‌ಸ್ಟ್ಯಾಂಡಿನಲ್ಲಿ ಕಾಲನಿಯ ಹುಡುಗರಿಬ್ಬರಿಗೆ ನಿಮ್ಮ ದೇಶಕ್ಕೆ ಹೋಗಿ ಎಂದು ಹೊಡೆದು ವಿಡಿಯೋ ಮಾಡಿ ಹಂಚಿದಾಗಲೂ ಹೀಗೇ. ಆ ಪಕ್ಷದವರೂ ಮಾತಾಡಲಿಲ್ಲ, ಈ ಪಕ್ಷದವರೂ ಮಾತಾಡಲಿಲ್ಲ. ಮಾತಾಡಬೇಡಿ ಎಂದು ಯಾರೂ ಯಾರಿಗೂ ಹೇಳಿರಲೂ ಇಲ್ಲ. ಯಾರೋ ಒಬ್ಬರು ರಬ್ಬರಿನ ದರ ಕೇಳುತ್ತಿದ್ದರು, ಇನ್ನೊಬ್ಬರು ಹೇಳುತ್ತಿದ್ದರು. ಕಾಲನಿಯ ನೂರನಲವತ್ತು ವೋಟು ಬೀಳದಿದ್ದರೆ ತಾನು ಅಧ್ಯಕ್ಷನೇ ಆಗುತ್ತಿರಲಿಲ್ಲ ಎನ್ನುವುದು ದುಗ್ಗಪ್ಪನಿಗೆ ಗೊತ್ತಿತ್ತು. ಅದರ ಬಗ್ಗೆಯೂ ಅವನು ಯಾರ ಜೊತೆಗೂ ಮಾತಾಡಿರಲಿಲ್ಲ.

ವಿಚಾರಣೆಗೆ ಹಾಲು ತೂಗುವ ಶೆಡ್ಡಿನಲ್ಲೇ ಮೇಜು ಹಾಕಿದ್ದರು. ಹಾಲು ಹೆಪ್ಪು ಹಾಕುವ ಆಸಿಡ್ಡಿನ ಹುಳಿ ವಾಸನೆ ನಲವತ್ತು ವರ್ಷದ ಹಿಂದಿನದೇ. ಅಧಿಕಾರಿ ಚಿತ್ರದುರ್ಗದ ಕಡೆಯವರು, ಶರ್ಮಿಳಾ ಮೇಡಂ. ಬಂದು ಮೂರು ತಿಂಗಳಾಗಿತ್ತು. ಟೈಪಿಸ್ಟ್ ಇಲ್ಲದ್ದರಿಂದ ತಾವೇ ಕೈಯಲ್ಲಿ ಬರೆದುಕೊಳ್ಳುತ್ತಿದ್ದರು, ಒಂದೊಂದು ವಾಕ್ಯ ಬರೆದು ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ಮ್ಯಾನೇಜರು ಎಲ್ಲರ ಎದುರೂ ಸ್ಟೀಲಿನ ಲೋಟದಲ್ಲಿ ಚಾ ಇಡಿಸಿದ್ದ. ದುಗ್ಗಪ್ಪನ ಲೋಟದ ಮೇಲೆ ಕೆನೆ ಕಟ್ಟಿತ್ತು. ತವಮಣಿ ಮೇಜಿನ ಆಚೆ ಕೂತಿದ್ದಳು, ಎರಡೂ ಕೈ ಮಡಿಲಲ್ಲಿ. ಇವತ್ತು ಜಡೆಗೆ ಹಸಿರು ರಿಬ್ಬನ್ನು; ಶಾಲೆಯ ಹುಡುಗಿಯರದ್ದು, ಮೊಮ್ಮಗಳದ್ದಿರಬೇಕು. ಅರ್ಧ ಗಂಟೆ ಅವಳು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಟ್ಟಳು, ತಡವರಿಸದೆ, ಇಲ್ಲಿಯ ಕನ್ನಡದಲ್ಲಿ. ಕಾವಲಿನವನು ತಾನು ಮುಟ್ಟಿಯೇ ಇಲ್ಲ ಎಂದ. ಮ್ಯಾನೇಜರು, ಆ ಹೊತ್ತಿಗೆ ತಾನು ಒಳಗೆ ಮಂಗಳೂರಿನ ಫೋನಿನಲ್ಲಿದ್ದೆ, ಹೊರಗಿನವರು ಯಾರೂ ಬಂದಿರಲಿಲ್ಲ ಎಂದ. ಹಾಗೆನ್ನುವಾಗ ದುಗ್ಗಪ್ಪನ ಕಡೆ ನೋಡಲಿಲ್ಲ. ಅಷ್ಟು ನಂಬಿಕೆ. ಆ ನಂಬಿಕೆ ದುಗ್ಗಪ್ಪನಿಗೆ ಬೈಗಳಿಗಿಂತ ಹೆಚ್ಚು ನಾಟಿತು. ಆದರೂ ನಾಟಿದ್ದು ಮುಖದಲ್ಲಿ ಕಾಣದಂತೆ ಕೂರುವುದು ಅವನಿಗೆ ರೂಢಿಯಾಗಿತ್ತು, ಹಾಗೆಯೇ ಕೂತ.

ಮೇಡಂ ಹಾಳೆ ತಿರುಗಿಸಿ, ಹೊರಗಿನವರು ಯಾರೂ ಇರಲಿಲ್ಲವೇನಮ್ಮ ಎಂದು ತವಮಣಿಯನ್ನು ಕೇಳಿದರು. ಅವಳ ಕಣ್ಣು ಒಂದು ಕ್ಷಣ ಮೇಜಿನ ಈ ಕಡೆಗೆ ಬಂದು ಹೋಯಿತು. ಮೇಡಂ ಅದನ್ನು ಕಂಡರು.

"ಅಧ್ಯಕ್ಷರು ಇದ್ರಾ ಅವತ್ತು?"

"ಇಲ್ಲೇ," ಎಂದಳು ತವಮಣಿ.

ಮೇಡಂ ಬರೆದು ಓದಿದರು, "ಅಧ್ಯಕ್ಷರು ಇಲ್ಲೇ ಇದ್ದರು." ಮ್ಯಾನೇಜರು ಕುರ್ಚಿಯಲ್ಲೇ ಮುಂದಕ್ಕೆ ಬಂದ. ಇಲ್ಲ ಮೇಡಂ, ಇವರು ತಮಿಳಿನವರು, ತಮಿಳಿನಲ್ಲಿ ಇಲ್ಲೆ ಅಂದರೆ ಇರಲಿಲ್ಲ ಅಂತ. ತಪ್ಪು ಬರೆದಿದ್ದೀರಿ ಎಂದ. ಮೇಡಂ ಪೆನ್ನು ಎತ್ತಿ ಹಿಡಿದು, ಇಬ್ಬರನ್ನೂ ನೋಡಿ, ನೀನು ಯಾವ ಭಾಷೇಲಿ ಹೇಳಿದ್ದಮ್ಮ ಎಂದು ಅವಳನ್ನೇ ಕೇಳಿದರು.

"ರೈಟ್ರಣ್ಣನಿಗೆ ಎರಡೂ ಬರ್ತದೆ ಮೇಡಂ," ಎಂದಳು ತವಮಣಿ. "ಅವರತ್ರ ಕೇಳಿ."

ಎಲ್ಲರೂ ದುಗ್ಗಪ್ಪನ ಕಡೆ ತಿರುಗಿದರು. ಅವಳು ಮಾತ್ರ ತಿರುಗಲಿಲ್ಲ. ಒಂದು ಮಾತು ಸಾಕಿತ್ತು. ತಮಿಳು ಮೇಡಂ, ಇಲ್ಲ ಎಂದೇ ಹೇಳಿದ್ದು ಎಂದರೆ ಮೇಡಂ ಆ ಸಾಲನ್ನು ಹೊಡೆದುಹಾಕುತ್ತಿದ್ದರು, ಪಟ್ಟಿಯಲ್ಲಿ ಹೆಸರು ಉಳಿಯುತ್ತಿತ್ತು, ಸಂಪ್ರೀತ್ ಸಂಜೆ ಫೋನು ಮಾಡಿ ನಗುತ್ತಿದ್ದ. ಅವಳಿಗೂ ಅದು ಗೊತ್ತಿದ್ದೇ ಆ ಮಾತು ಆರಿಸಿದ್ದಳು. ಪಂಚೆಯ ತುದಿ ಹಿಡಿದ ಹುಡುಗಿ, ಶಾಯಿ ಬಸಿಯುವ ಪೆನ್ನು, ತಾನು ತಲೆ ಎತ್ತದೆ ಬರೆದ ಆ ಎರಡಕ್ಷರ. ಆ ಪುಸ್ತಕ ಈಗಲೂ ಎಸ್ಟೇಟ್ ಆಫೀಸಿನ ಕಪಾಟಿನಲ್ಲಿರಬಹುದು. ಅದರಲ್ಲಿ ತಪ್ಪು ಬರೆದದ್ದಕ್ಕೆ ಅವರಿಗೆ ಮನೆ ಸಿಕ್ಕಿತ್ತು. ತಿದ್ದಿ ಬರೆದಿದ್ದರೆ ಲಾರಿ ಇನ್ನೆಲ್ಲಿಗೆ ಹೋಗುತ್ತಿತ್ತೋ. ಏನಾದರೂ ಹೇಳಬೇಕು ಎಂದು ಅವನು ಗಂಟಲು ಸರಿ ಮಾಡಿಕೊಂಡ. ಮಾತು ಬರಲಿಲ್ಲ. ಇಷ್ಟು ವರ್ಷ ಸಭೆಗಳಲ್ಲಿ, ಊಟದ ಸಾಲುಗಳಲ್ಲಿ, ಫೋನುಗಳಲ್ಲಿ ಹೇಗೆ ಬರಲಿಲ್ಲವೋ ಹಾಗೇ ಬರಲಿಲ್ಲ. ಶೆಡ್ಡಿನ ತಗಡಿನ ಮೇಲೆ ಒಣ ಎಲೆಗಳು ಸರಿದಾಡಿದವು.

"ಹೇಳ್ರೀ ಅಧ್ಯಕ್ಷರೇ," ಎಂದರು ಮೇಡಂ. "ಬರ್ದಿದ್ದು ಹೊಡೆದು ಹಾಕ್ಲೋ, ಇರ್ಲೋ?"

ಸುಮ್ಮನಿದ್ದರೆ ಇವತ್ತು ತಪ್ಪಿಸಿಕೊಳ್ಳಲಾಗುವುದಿಲ್ಲ ಎನ್ನುವುದು ಅವನಿಗೆ ಆಗ ಹೊಳೆಯಿತು. ತಪ್ಪಿಸಿಕೊಳ್ಳಬೇಕಾದರೆ ಬಾಯಿ ಬಿಡಬೇಕಿತ್ತು. ಮ್ಯಾನೇಜರು ಕಣ್ಣಲ್ಲೇ ಹೇಳಿ ಹೇಳಿ ಎನ್ನುತ್ತಿದ್ದ. ದುಗ್ಗಪ್ಪ ಕೆನೆ ಕಟ್ಟಿದ ಲೋಟವನ್ನು ನೋಡುತ್ತ ಕೂತ. ಅದು ಧೈರ್ಯವೋ ಬರೀ ಅಭ್ಯಾಸವೋ ಎಂದು ಆಮೇಲೂ ಅವನಿಗೆ ಖಚಿತವಾಗಲಿಲ್ಲ. ಮೇಡಂ ಕಾದರು, ವಾಚು ನೋಡಿದರು, "ಸರಿ, ಇರ್ಲಿ ಬಿಡಿ" ಎಂದು ಸಾಲಿನ ಕೊನೆಗೆ ಒಂದು ಚುಕ್ಕೆ ಇಟ್ಟರು. ಹೊಸ ಹಾಳೆ ತೆಗೆದು, ಕಾರ್ಬನ್ ಸರಿ ಮಾಡಿ, ಅವನ ಪೂರ್ತಿ ಹೆಸರು, ವಯಸ್ಸು, ಊರು ಕೇಳಿ ಬರೆದುಕೊಂಡರು.

"ಏನು ನೋಡಿದ್ರಿ?"

"ಪಿನ್ನು," ಎಂದ ದುಗ್ಗಪ್ಪ. ದನಿ ತನ್ನದಲ್ಲವೆಂಬಷ್ಟು ಸಣ್ಣಗಿತ್ತು; ಮೇಡಂ ಗಟ್ಟಿಯಾಗಿ ಎಂದರು. "ಸೆರಗಿನ ಪಿನ್ನು ಮೇಡಂ. ಇವನು ಕೋಲಿನಲ್ಲಿ ತೋರಿಸಿದ, ಇವಳು ಪಿನ್ನು ತೆಗೆದು ಹಲ್ಲಲ್ಲಿ ಕಚ್ಚಿಕೊಂಡ್ಳು. ಸೀರೆ ಪೂರ ಬಿಚ್ಚಿ ಪುನಃ ಉಡುವಲ್ಲಿವರೆಗೆ ಅದು ಬಾಯಲ್ಲೇ ಇತ್ತು."

ತವಮಣಿಯ ಕೈ ತನ್ನಷ್ಟಕ್ಕೆ ಹೆಗಲಿಗೆ ಹೋಗಿ ಪಿನ್ನು ಮುಟ್ಟಿ ಇಳಿಯಿತು. ಪಿನ್ನಿನ ವಿಷಯ ದೂರಿನಲ್ಲಿ ಇರಲಿಲ್ಲ. ಅಲ್ಲಿದ್ದು ಕಂಡವರಿಗಲ್ಲದೆ ಗೊತ್ತಿರುವಂಥದ್ದಲ್ಲ. ಮ್ಯಾನೇಜರು ಎದ್ದು ಫೋನು ಹಿಡಿದುಕೊಂಡು ಹೊರಗೆ ಹೋದ. ಮೇಡಂ ಒಂದೊಂದೇ ವಾಕ್ಯ ಬರೆದು ಓದಿದರು. ಅದಕ್ಕೇ ಈಕೆ ಆಗ ಕೂಗಲಿಲ್ಲವೋ ಎಂದು ಕೇಳಿದರು. ಬಾಯಲ್ಲಿ ಪಿನ್ನು ಇತ್ತಲ್ಲ ಎಂದ ದುಗ್ಗಪ್ಪ. ಅದನ್ನೂ ಬರೆದರು.

"ನಿಮ್ಮ ಬಾಯಲ್ಲಿ?" ಎಂದರು ಮೇಡಂ, ತಲೆ ಎತ್ತದೆ.

"ಚಾ," ಎಂದ ದುಗ್ಗಪ್ಪ.

ಮೇಡಂ ಅದನ್ನೂ ಬರೆದುಕೊಂಡು ಗಟ್ಟಿಯಾಗಿ ಓದಿದರು.